ನಾನು ಕೀಲಿ ಹಿಡಿದಾಗಲೇ ಸಡಿಲವಾಗುವ ಫ್ಯಾನ್ ಬೆಲ್ಟ್ ಅವರಿಗೆ

ಬಣಕಲ್ ಸಮೀಪದ ನಮ್ಮ ಎಸ್ಟೇಟಿನ ಶೆಡ್ಡಿನಲ್ಲಿ, ನನ್ನ ತಂದೆಯವರ ಕಾಲದ ಕಾರಿನ ಬಾನೆಟ್ಟಿನೊಳಗೆ, ರೇಡಿಯೇಟರಿನ ಹಿಂದೆ ಸುಖವಾಗಿ ನೆಲೆಸಿರುವ ಮಾನ್ಯ ಫ್ಯಾನ್ ಬೆಲ್ಟ್ ಅವರೇ,

ತಮಗೆ ತಲೆಬಾಗಿ ನಮಸ್ಕಾರಗಳು. ತಾವೂ, ತಾವು ಸುತ್ತಿಸುವ ಡೈನಮೋ ಮತ್ತು ವಾಟರ್ ಪಂಪ್ ಅವರೂ ಕ್ಷೇಮವೆಂದು ನಂಬಿದ್ದೇನೆ. ನಾನು ಮಾತ್ರ ಕ್ಷೇಮವಾಗಿರಲಿಲ್ಲ. ಮೊಮ್ಮಗಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ಮೂಡಿಗೆರೆಗೆ ಓಡಾಡಿ ಡ್ರೈವಿಂಗ್ ಕಲಿತು ಲೈಸೆನ್ಸ್ ಪಡೆದವಳು ನಾನು. ಮದುವೆಯಲ್ಲಿ ನನ್ನ ಜೊತೆಗೇ ಈ ಮನೆಗೆ ಬಂದ ಕಾರನ್ನು ಒಮ್ಮೆಯಾದರೂ ನಾನೇ ದೇವರಮನೆ ಗುಡ್ಡಕ್ಕೆ ಓಡಿಸಬೇಕೆಂಬುದು ನನ್ನ ಆಸೆ, ಅದಕ್ಕೆ ಅಡ್ಡಿಯಾಗಿರುವುದು ತಾವೊಬ್ಬರೇ ಎಂಬುದು ನನ್ನ ಯಜಮಾನರಾದ ದೇವರಾಜ ಅವರ ಹೇಳಿಕೆ.

ಮಾನ್ಯರೇ, ತಮ್ಮ ಆರೋಗ್ಯದ ಸೂಕ್ಷ್ಮವನ್ನು ಎಷ್ಟು ಹೊಗಳಿದರೂ ಸಾಲದು. ನಾನು ಕೀಲಿ ಕೈಗೆತ್ತಿಕೊಂಡರೆ ಸಾಕು, ಯಜಮಾನರು "ಬೆಲ್ಟ್ ಲೂಸಾಗಿದೆ ಮಾರಾಯ್ತಿ, ಏರಲ್ಲಿ ಇಂಜಿನ್ ಕುದ್ದು ಹೋಗುತ್ತೆ, ಮುಂದಿನ ವಾರ ನೋಡಣ" ಎನ್ನುತ್ತಾರೆ. ಮುಂದಿನ ವಾರ ಬಿಗಿ ಮಾಡಿ, "ಈಗ ಜಾಸ್ತಿ ಬಿಗಿಯಾಯ್ತಲ್ಲ, ಬೇರಿಂಗ್ ಹೋದ್ರೆ ಏನ್ ಮಾಡ್ತೀ?" ಎನ್ನುತ್ತಾರೆ. ಆದರೆ ಅದೇ ಸಂಜೆ ಯಜಮಾನರು ಇಸ್ಪೀಟಾಡಲು ಮೂಡಿಗೆರೆಗೆ ಹೊರಟಾಗ ತಾವು ಕಿಂಚಿತ್ತೂ ಕಿರುಚದೆ, ಜಾರದೆ, ಹೋಗಿ ಬರುತ್ತೀರಿ. ಆಹಾ, ಎಂಥ ಪತಿಭಕ್ತಿ! ನನಗೂ ಇಷ್ಟು ಬರಲಿಲ್ಲ.

ತಮ್ಮನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಬಗ್ಗಬೇಕಂತೆ, ಸರಿ, ಆದರೆ ಯಾರ ಹೆಬ್ಬೆರಳು ಎಂದು ಯಾರೂ ಹೇಳಿಲ್ಲವಲ್ಲ ಸ್ವಾಮಿ! ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಬೀಜ ಒಣಗಿದೆಯೇ ಎಂದು ಕಣದಲ್ಲಿ ಹಲ್ಲಿಗೆ ಹಾಕಿ ಕಚ್ಚಿ ತೀರ್ಪು ಕೊಡುವ ಊರು ನಮ್ಮದು, ಇಲ್ಲಿ ಬೆರಳಿರುವವರೆಲ್ಲ ಪಂಡಿತರೇ. ಮೇಸ್ತ್ರಿ ಶಿವಯ್ಯ ಒತ್ತಿ ಸಡಿಲವೆಂದರು, ಲೆಕ್ಕ ಬರೆಯುವ ರೈಟರ್ ಅನಿಲ್ ಒತ್ತಿ ಬಿಗಿಯೆಂದರು, ಹಾಲು ತರುವ ಬಸಮ್ಮನೂ ಬಕೆಟ್ ಕೆಳಗಿಟ್ಟು ಒತ್ತಿ, "ನನ್ನ ಕೇಳಿದ್ರೆ ಒಂಚೂರು ಕೊಬ್ರಿ ಎಣ್ಣೆ ಬಿಡಿ ಅಮ್ಮಾ" ಎಂದಳು. ಸದ್ಯ, ಯಾರೂ ತಮ್ಮನ್ನು ಕಚ್ಚಿ ನೋಡಲಿಲ್ಲ.

ಆದ್ದರಿಂದ ತಾವು ಒಂದು ಭಾನುವಾರ ನಮ್ಮಲ್ಲಿಗೆ ಊಟಕ್ಕೆ ದಯಮಾಡಿಸಿ, ಕಡುಬು ಕೋಳಿಸಾರು ಸ್ವೀಕರಿಸಿ, ಕೈತೊಳೆದ ಮೇಲೆ ಯಜಮಾನರ ಎದುರು ಬಾಯಿಬಿಟ್ಟು "ನಾನು ಸರಿಯಾಗಿದ್ದೇನೆ, ಅವಳು ಓಡಿಸಲಿ" ಎಂದು ಹೇಳಬೇಕಾಗಿ ವಿನಂತಿಸಬೇಕೆಂದಿದ್ದೆ. ಒಂದು ಮನೆಯನ್ನು ಇಷ್ಟು ಸಲೀಸಾಗಿ ಆಳುವ ತಾವು ಕಾಫಿ ಗಿಡ ಅರಳಿಸುವ ಹೂಮಳೆ ಯಾವ ದಿನ ಬೀಳಬೇಕೆಂಬುದನ್ನೂ ನಿರ್ಧರಿಸಿಬಿಟ್ಟರೆ ಇಡೀ ಜಿಲ್ಲೆ ತಮಗೆ ಋಣಿಯಾಗಿರುತ್ತದೆ.

ಆದರೆ ಅಷ್ಟರಲ್ಲಿ ನನ್ನ ತಾಳ್ಮೆ ಕೆಟ್ಟಿತು. ನಿನ್ನೆ ಯಜಮಾನರು ಮೈಗೆಲ್ಲ ಹರಳೆಣ್ಣೆ ಹಚ್ಚಿಕೊಂಡು ಬಚ್ಚಲಲ್ಲಿ ಕೂತ ಹೊತ್ತಿಗೆ ಶೆಡ್ಡಿಗೆ ನುಗ್ಗಿ, ಡೈನಮೋದ ಬೋಲ್ಟುಗಳನ್ನು ಸಡಿಲಿಸಿ, ಕಾಫಿ ಗಿಡದ ದೊಣ್ಣೆಯಿಂದ ಅದನ್ನು ಮೀಟಿ ತಾವು ಬಿಗಿಯಾಗುವಷ್ಟು ಹೊರಕ್ಕೆ ಸರಿಸಿ, ಇಷ್ಟು ವರ್ಷ ಅಕ್ಕಿರೊಟ್ಟಿ ತಟ್ಟಿದ ನನ್ನದೇ ಹೆಬ್ಬೆರಳಿನಿಂದ ತಮ್ಮನ್ನು ಒತ್ತಿ, ಬೋಲ್ಟು ಬಿಗಿದೆ. ಇಷ್ಟೇ ಕೆಲಸ! ಇದಕ್ಕೆ ಒಂದು ವರ್ಷ ನನ್ನನ್ನು ಕುಣಿಸಿದಿರಲ್ಲ! ಕಾರು ಗೇಟು ದಾಟುವಾಗ ಟವೆಲ್ ಸುತ್ತಿಕೊಂಡ ಯಜಮಾನರು ಎಣ್ಣೆ ಸುರಿಸುತ್ತಾ "ಏಯ್, ಬೆಲ್ಟು! ಬೆಲ್ಟು ಕಣೇ!" ಎಂದು ಕೂಗುತ್ತಾ ಓಡಿಬಂದದ್ದನ್ನು ಕನ್ನಡಿಯಲ್ಲಿ ಕಂಡೆ. ನಿಲ್ಲಿಸಲಿಲ್ಲ. ನಗು ತಡೆಯಲಾಗದೆ ಸುಮ್ಮಸುಮ್ಮನೆ ಹಾರ್ನ್ ಹೊಡೆದೆ.

ಏರಿನಲ್ಲಿ ತಾವು ಒಂದು ಸೊಲ್ಲೂ ಎತ್ತಲಿಲ್ಲ, ಇಂಜಿನ್ ಕುದಿಯಲಿಲ್ಲ. ದೇವರಮನೆಯ ಹುಲ್ಲುಗುಡ್ಡದ ಬದಿಗೆ ಕಾರು ನಿಲ್ಲಿಸಿ ಇಳಿದವಳ ಕಣ್ಣಲ್ಲಿ ನೀರಿತ್ತು, ಇಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಈ ಮಾತನ್ನು ಯಜಮಾನರಿಗೆ ತಿಳಿಸಬೇಡಿ, ಅಥವಾ ತಿಳಿಸಿ.

ಇಂತಿ, ಇನ್ನು ಮುಂದೆ ತಮ್ಮ ಬಿಗಿಯನ್ನು ತಾನೇ ನೋಡಿಕೊಳ್ಳುವ ತಮ್ಮ ವಿಶ್ವಾಸಿ,
ಸರ್ವಮಂಗಳಾ

ವಿ.ಸೂ.: ನಾನು ಹಿಂತಿರುಗಿದಾಗಿನಿಂದ ಯಜಮಾನರಿಗೆ ಕ್ಲಚ್ ಅವರ ಆರೋಗ್ಯದ ಬಗ್ಗೆ ವಿಪರೀತ ಚಿಂತೆ ಹತ್ತಿಕೊಂಡಿದೆ. ಸ್ಪ್ಯಾನರುಗಳೆಲ್ಲ ಈಗ ನನ್ನ ಸೀರೆ ಬೀರುವಿನಲ್ಲಿವೆ ಎಂಬ ಸಂಗತಿಯನ್ನು ತಾವು ದಯವಿಟ್ಟು ಕ್ಲಚ್ ಅವರ ಗಮನಕ್ಕೆ ತರುವುದು.