ಹುಲಿಗೆ ಹಚ್ಚಿದ ಕಂದೀಲು

ಇನ್ನು ಮೇಲೆ ಯಾವ ಹುಲಿಯೂ ನನ್ನ ಮನೆಯ ಮುಂದೆ ಕಾಲು ಮುರಿದುಕೊಳ್ಳಬಾರದು! ಆ ವರ್ಷ ಮೊಹರಂ ಚಾಂದ ಕಂಡ ದಿನವೇ ಇಲಕಲ್ಲಿನ ಬಣ್ಣಗಾರ ದಸ್ತಗೀರಸಾಬ, ಅಂದರೆ ನಾನು, ಹೀಗೆ ಪಣ ತೊಟ್ಟೆ.

ಹಿಂದಿನ ವರ್ಷದ ಮೊಹರಮ್ಮಿನಲ್ಲಿ ಕುರಿ ಕಾಯುವ ಹುಲ್ಲಪ್ಪ ಹುಲಿಯ ವೇಷ ಹಾಕಿ ನಮ್ಮ ಮನೆಗೆ ಬಂದಿದ್ದ. ನೂಲಿಗೆ ಬಣ್ಣ ಹಾಕಿ ಉಳಿದ ನೀಲಿ ನೀರು ನಮ್ಮ ಅಂಗಳದ ಗುಂಡಿಯಲ್ಲಿ ನಿಂತಿರುತ್ತದೆ. ಕತ್ತಲೆಯಲ್ಲಿ ಅದು ಅವನಿಗೆ ಕಾಣಲಿಲ್ಲ. ಒಳಗೆ ಹೋದದ್ದು ಹಳದಿ ಹುಲಿ, ಹೊರಗೆ ಬಂದದ್ದು ನೀಲಿ ಹುಲಿ!

ನಗಬೇಡಿ. ತನ್ನ ಹೆಂಡತಿ ಹುಚ್ಚವ್ವ ಜ್ವರದಿಂದ ಉಳಿದರೆ ಹುಲಿಯಾಗಿ ಮನೆಮನೆಗೆ ಬರುತ್ತೇನೆಂದು ಅವನು ಹರಕೆ ಹೊತ್ತಿದ್ದ. ಹುಚ್ಚವ್ವ ಎದ್ದು ಓಡಾಡತೊಡಗಿದಳು. ಕಾಲು ಮುರಿದ ಹುಲಿ ಎರಡು ತಿಂಗಳು ಮಲಗಿತು. ಹರಕೆ ಅರ್ಧಕ್ಕೇ ನಿಂತಿತು. ಅವನು ಕುಂಟುವುದನ್ನು ಕಂಡಾಗಲೆಲ್ಲ ನಾನು ಬೇರೆ ಓಣಿ ಹಿಡಿಯುತ್ತಿದ್ದೆ.

“ಗುಂಡಿ ಮ್ಯಾಲ ಎರಡ ಹಲಗಿ ಹಾಕಿದ್ರ ಮುಗೀತಲ್ರಿ,” ಎಂದಳು ನನ್ನ ಹೆಂಡತಿ ಖೈರುನಬಿ.

“ಹಲಗಿ ಹಾಕಿದ್ರ ಗುಂಡಿ ಅಷ್ಟ ಮುಚ್ಚತೈತಿ. ದೀಪ ಹಚ್ಚಿದ್ರ ಮನಿತನ ಬೆಳಗತೈತಿ! ನೀ ಚೊಂಗೆ ಮಾಡು, ಬೆಳಕಿನ ಕಾರಭಾರ ನನಗ ಬಿಡು.”

“ನೀವು ಕಾರಭಾರ ಹಿಡದ್ರನ ನನಗ ಅಂಜಿಕಿ,” ಎಂದಳು. ಮೊಹರಮ್ಮಿನ ಒಂಬತ್ತನೆಯ ದಿನ ಹಿಟ್ಟು ಬೆಲ್ಲ ಕಟ್ಟಿಕೊಂಡು, ಹಬ್ಬದ ಸಿಹಿರೊಟ್ಟಿ ಚೊಂಗೆ ಮಾಡಲು ಹಿಂದಿನ ಓಣಿಯ ಅಕ್ಕ ಶಮಶಾದಬಿಯ ಮನೆಗೆ ಹೊರಟುಹೋದಳು.

ಸೀಮೆಎಣ್ಣೆಯ ಕಂದೀಲು ಆಗ ಊರಿಗೆ ಹೊಸದು. ಬಾಗಲಕೋಟೆಯಿಂದ ಚಕ್ಕಡಿಯಲ್ಲಿ ಬಂದಿಳಿದಿದ್ದ ನಾಲ್ಕನ್ನು ಅವರಿವರನ್ನು ಕಾಡಿಬೇಡಿ ತಂದೆ. ಗುಂಡಿಯ ನಾಲ್ಕು ಮೂಲೆಗೆ ಬಿದಿರು ನೆಟ್ಟು ತೂಗುಹಾಕಿದೆ. ಬಿದಿರು ಅಲುಗಾಡದಿರಲೆಂದು ನಾಲ್ಕನ್ನೂ ಒಂದೇ ಹಗ್ಗದಿಂದ ಬಿಗಿದೆ. ಖೈರುನಬಿಯ ತವರಿನ ಐದು ಅಗಲ ಹಿತ್ತಾಳೆ ಪರಾತಗಳನ್ನು ಹುಣಸೆಹಣ್ಣಿನಲ್ಲಿ ಕನ್ನಡಿಯಂತೆ ತಿಕ್ಕಿ ಕಂದೀಲುಗಳ ಹಿಂದೆ ನಿಲ್ಲಿಸಿದೆ. ಹೊತ್ತು ಮುಳುಗಿತು, ದೀಪ ಹಚ್ಚಿದೆ. ಆಹಾ! ಬಾದಾಮಿಯ ಗುಡ್ಡದ ಮೇಲಿನ ಮಂಗಗಳಿಗೂ ನಿದ್ದೆ ಹತ್ತಿರಲಿಕ್ಕಿಲ್ಲ!

ಹುಲಿಗಿಂತ ಮೊದಲು ಓಣಿಯೇ ಬಂತು. ಮುದುಕಿಯರು ರಾಟಿ ತಂದು ಕೂತರು. ನೇಕಾರರು ಕಡಿದ ಎಳೆಗಳಿಗೆ ಗಂಟು ಹಾಕತೊಡಗಿದರು. ಯಾರೋ ಚೌಕಾಬಾರದ ಮನೆ ಬರೆದರು. ನೆರೆಮನೆಯ ಅಮಸಿದ್ದಪ್ಪನಂತೂ ಎಮ್ಮೆಯನ್ನೇ ತಂದು ಕಂದೀಲಿನ ಬಿದಿರಿಗೆ ಕಟ್ಟಿದ.

“ಲೇ ಅಮಸಿದ್ದ, ಏನಿದು?”

“ಬೆಳಕಿನ್ಯಾಗ ಹಿಂಡ್ಕೋತೇನ್ರಿ. ನಿನ್ನಿ ಕತ್ತಲಾಗ ಅರ್ಧ ಹಾಲು ನೆಲಾನ ಕುಡೀತು.”

“ಹುಲಿ ಬರೂ ಹೊತ್ತಾತಲೇ!”

“ಬರ್ಲಿ ತಗೋರಿ. ನಮ್ಮ ಹುಲ್ಲಪ್ಪ ಏನ್ ಎಮ್ಮಿ ತಿಂತಾನನು?”

ಎಮ್ಮೆಗೆ ಈ ಮಾತು ತಿಳಿಯಲಿಲ್ಲ. ಹಲಗೆ ಬಾರಿಸುತ್ತ ಮೇಳ ಬಂತು. ಹಳದಿ ಮೈ, ಕರಿ ಪಟ್ಟೆ, ಎರಡು ಮಾರು ಬಾಲದ ಹುಲ್ಲಪ್ಪ ಬೆಳಕಿಗೆ ಜಿಗಿದ. ಇಷ್ಟು ವರ್ಷ ಕತ್ತಲೆಯಲ್ಲಿ ಹುಲಿಯ ನೆರಳನ್ನಷ್ಟೇ ಕಂಡಿದ್ದ ಎಮ್ಮೆಗೆ ಅಂದು ಹುಲಿ ನಿಚ್ಚಳವಾಗಿ ಕಂಡಿತು. ಒಂದಲ್ಲ, ಪರಾತಕ್ಕೊಂದರಂತೆ ಐದು ಹುಲಿ! ಎಮ್ಮೆ ಬಾಲವೆತ್ತಿ ಓಡಿತು. ಅದರ ಹಿಂದೆ ಒಂದು ಬಿದಿರು, ಆ ಬಿದಿರಿನ ಹಿಂದೆ ಉಳಿದ ಮೂರು. ಒಂದೇ ಹಗ್ಗದಲ್ಲಿ ಬಿಗಿದ ನನ್ನ ಜಾಣತನವನ್ನು ಏನೆಂದು ಹೊಗಳಲಿ! ನಾಲ್ಕೂ ದೀಪ ಆರಿದವು. ಮುದುಕಿಯರು ಚೀರಿದರು.

“ಯಾರೂ ಅಲುಗಾಡಬ್ಯಾಡ್ರಿ! ಗುಂಡಿ ಎಲ್ಲೈತಿ ಅಂತ ನಾ ತೋರಸ್ತೇನಿ!” ಎಂದು ಕೂಗಿ ನಾನು ಎರಡು ಹೆಜ್ಜೆ ಮುಂದಿಟ್ಟೆ.

ತೋರಿಸಿದೆ.

ತಲೆ ಮುಳುಗಿ ನೀಲಿಯಾಗಿ ಎದ್ದ ನನ್ನನ್ನು ಹುಲಿಯೇ ರಟ್ಟೆ ಹಿಡಿದು ಮೇಲೆಳೆಯಿತು. ಪಾದ ಹೊರಳಿತ್ತು. ನಡುಗುತ್ತಿದ್ದ ನನಗೆ ಹಲಗೆ ಬಾರಿಸುವವನು ತನ್ನ ಕರಿ ಕಂಬಳಿ ಹೊದಿಸಿದ.

“ಕಾಲು ಊರಬ್ಯಾಡ್ರಿ ಸಾಬರ. ಹೆಗಲ ಮ್ಯಾಲ ಕುಂಡ್ರಿ, ಎಲುಬು ಕೂಡಸೂ ಬಸಯ್ಯನ ಹಂತ್ಯಾಕ ಒಯ್ತೇನಿ,” ಎಂದ ಹುಲ್ಲಪ್ಪ.

“ಮತ್ತ ನಿನ್ನ ಹರಕಿ?”

“ಹಾದಿಯಾಗ ಇನ್ನ ಏಳ ಮನಿ ಅದಾವ್ರಿ. ಎರಡೂ ಆಗ್ತಾವು.”

ಆದವು. ಪ್ರತಿ ಮನೆಯ ಮುಂದೂ ಹುಲಿ ಕುಣಿಯಿತು. ಪ್ರತಿ ಕುಣಿತಕ್ಕೂ ನನ್ನ ಪಾದ ಜೋತಾಡಿ ನಾನು “ಅಯ್ಯಯ್ಯೋ!” ಎಂದು ಅರಚಿದೆ. ಮಂದಿ ಚಪ್ಪಾಳೆ ತಟ್ಟಿದರು. “ಈ ಸಲ ಹುಲಿ ಸಂಗಾಟ ಕರಡೀನೂ ಬಂದೈತೆವ್ವಾ! ಹ್ಯಾಂಗ ಗುರುಗುಟ್ಟತೈತಿ ನೋಡ!”

ಏಳನೆಯ ಮನೆ ಶಮಶಾದಬಿಯದು. ಬಾಗಿಲಲ್ಲಿ ಚೊಂಗೆಯ ತಾಟು ಹಿಡಿದು ನನ್ನ ಖೈರುನಬಿಯೇ ನಿಂತಿದ್ದಳು. ಹುಲಿಗೊಂದು ಕೊಟ್ಟಳು, ನನಗೊಂದು ಕೊಟ್ಟಳು.

“ಹುಲ್ಲಪ್ಪಣ್ಣಾ, ಹರಕಿ ಮುಟ್ಟಿತಲ್ಲ, ಭಾಳ ಚಲೋ ಆತು. ಕರಡಿ ಯಾರ್ದೋ ಏನೋ, ಬಣ್ಣ ಮಾತ್ರ ಪಕ್ಕಾ ಕುಂತೈತಿ! ಇದನ್ನ ನಮ್ಮ ಮನಿ ಮುಂದನೂ ಒಂದಿಷ್ಟ ಕುಣಸು. ನಮ್ಮವ್ರು ಹಗಲಿನಂಗ ಬೆಳಕ ಮಾಡ್ಯಾರ, ಅಲ್ಲಿ ಬೀಳೂ ಅಂಜಿಕಿ ಇಲ್ಲ!”

ಹುಲ್ಲಪ್ಪ ಕತ್ತೆತ್ತಿ ನನ್ನನ್ನು ನೋಡಿದ. ನಾನು ಚೊಂಗೆಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡೆ. ಕರಡಿಗಳು ಮಾತನಾಡುವುದಿಲ್ಲ.