ರಾಣಿಯೋ ಕುದುರೆಯೋ

ಅನಾಹುತ ಶುರುವಾದದ್ದು ಒಂದು ಕೆಂಪು ಗೀಟಿನಿಂದ.

ಅರ್ಶಾವಿರ್ ಮಧ್ಯಾಹ್ನದ ಸೂಪಿಗೆ ಲವಾಷ್ ರೊಟ್ಟಿ ಮುರಿದು ಹಾಕುತ್ತಿದ್ದರು. ಎಂಟು ವರ್ಷದ ಮೊಮ್ಮಗಳು ನಾಜೆಲಿ ಶಾಲೆಯಿಂದ ಬಂದವಳೇ ನೋಟ್‌ಬುಕ್ಕನ್ನು ಅವರ ಮೂಗಿನ ಕೆಳಗೆ ಹಿಡಿದಳು.

"ತಾತ, ನಿನ್ನಿಂದ ನಂಗೆ ಸೊನ್ನೆ ಬಂತು."

ಅವಳ ಶಾಲೆಯಲ್ಲಿ ಲೆಕ್ಕಕ್ಕಿದ್ದ ಹಾಗೆ ಚೆಸ್ಸಿಗೂ ಹೋಂವರ್ಕ್ ಇತ್ತು. ಹಿಂದಿನ ಸಂಜೆ ಪಾಠಪುಸ್ತಕದ ಚಿತ್ರವೊಂದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ತೋರಿಸಿ, ಬಿಳಿಯ ಒಳ್ಳೆಯ ನಡೆ ಯಾವುದು ಎಂದು ಕೇಳಿದ್ದಳು. ಕುದುರೆ ಹಿಂದಕ್ಕೆ ಎಂದು ಅರ್ಶಾವಿರ್ ಉತ್ತರ ಕೊಟ್ಟಿದ್ದರು. ಈಗ ಅದರ ಮೇಲೆ ಈ ತುದಿಯಿಂದ ಆ ತುದಿಗೆ ಕೆಂಪು ಗೀಟು.

"ದೇಶದ ಚಾಂಪಿಯನ್ ಆಗಿದ್ದವನಿಗೆ ಸೊನ್ನೆಯಾ? ಯಾರಮ್ಮ ಆ ನಿನ್ನ ಟೀಚರ್?" ಎನ್ನುತ್ತ ಅರ್ಶಾವಿರ್ ಕನ್ನಡಕ ಏರಿಸಿ, ಪಾಠಪುಸ್ತಕದ ಕೊನೆಯಲ್ಲಿದ್ದ ಉತ್ತರಗಳ ಪುಟ ತೆರೆದರು. ಓದಿದರು. ಕೈಯಲ್ಲಿದ್ದ ರೊಟ್ಟಿ ಸೂಪಿಗೆ ಬಿತ್ತು.

'ರಾಣಿಯ ಬಲಿ. ನಮ್ಮ ಚಾಂಪಿಯನ್ ಅರ್ಶಾವಿರ್ ಗಲುಸ್ತ್ಯಾನರು ಪಟ್ಟ ಗೆದ್ದ ಅಮರ ನಡೆ.'

ಮೂವತ್ತೈದು ವರ್ಷದ ಹಿಂದಿನ ಮಾತು. ಕೊನೆಯ ಸುತ್ತಿನಲ್ಲಿ ಅರ್ಶಾವಿರ್ ರಾಣಿಯನ್ನೇ ಬಿಟ್ಟುಕೊಟ್ಟಿದ್ದರು. ಎದುರಾಳಿ ಗ್ಯುಮ್ರಿ ಊರಿನವನು, ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡು ಕೂತಿದ್ದ. ರಾಣಿಯನ್ನು ನುಂಗಿದ, ಸೋತ. ಜನ ಅರ್ಶಾವಿರ್‌ರನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದರು. ವಾರದ ನಂತರ, ಬಚ್ಚಲಲ್ಲಿ ಕಾಲುಚೀಲ ಒಗೆಯುವಾಗ ಅವರಿಗೆ ಹೊಳೆಯಿತು: ಅವನು ರಾಣಿಯನ್ನು ಮುಟ್ಟದೆ ಒಂದು ಸಿಪಾಯಿಯನ್ನು ಒಂದೇ ಮನೆ ಮುಂದೆ ತಳ್ಳಿದ್ದರೆ ತಮ್ಮ ಆಟ ಅಲ್ಲಿಗೇ ಮುಗಿದಿತ್ತು. ಅಲ್ಲಿ ತಾವು ಆಡಬೇಕಾದದ್ದು ಕುದುರೆ.

ಇದನ್ನು ಅವರು ಯಾರಿಗೂ ಹೇಳಲಿಲ್ಲ. ಮರುವರ್ಷ ಏಳನೆಯ ಸ್ಥಾನ, ಅದರ ಮರುವರ್ಷ ಹನ್ನೊಂದನೆಯದು, ಆಮೇಲೆ ಹುಡುಗರಿಗೆ ಆಟ ಕಲಿಸುವ ಕೆಲಸ. ಆದರೂ ಕಟ್ಟಡದ ನೆರೆಹೊರೆಯವರು ಇವತ್ತಿಗೂ ಎದ್ದು ಜಾಗ ಬಿಡುತ್ತಿದ್ದುದು ಆ ಒಂದು ರಾಣಿಯ ದೆಸೆಯಿಂದ. ಇತ್ತ ಮೂವತ್ತೈದು ವರ್ಷದಿಂದ ಕನಸಿನಲ್ಲಿ ಆ ಕುದುರೆಯನ್ನು ಹಿಂದಕ್ಕೆ ಇಟ್ಟೂ ಇಟ್ಟೂ, ಚಿತ್ರ ಕಂಡ ಕೂಡಲೇ ಬಾಯಿಗೆ ಅದೇ ಬಂದುಬಿಟ್ಟಿತ್ತು.

"ಹೋಗ್ಲಿ ಬಿಡು ಕಂದ. ಟೀಚರ್ ಹೇಳಿದ್ದೇ ಸರಿ," ಎಂದರು, ಮೆಲ್ಲಗೆ ಪುಸ್ತಕದ ಮೇಲೆ ಕೂರುತ್ತ.

ನಾಜೆಲಿ ಹೋ ಎಂದು ಅತ್ತಳು. ಆ ಅಳುವಿಗೆ ಮೇಲಿನ ಮಹಡಿಯ ಹೈಕನುಶ್ ಏಪ್ರಿಕಾಟ್ ಜಾಮಿನ ಸೌಟು ಹಿಡಿದುಕೊಂಡೇ ಇಳಿದು ಬಂದರು.

"ನಿನ್ನ ನೋವೆಲ್ಲ ನನಗಿರಲಿ ನನ್ನ ಬಂಗಾರ, ಯಾರು ಏನಂದ್ರು?" ಎಂದು ಮಗುವಿನಿಂದ ಎಲ್ಲ ಕೇಳಿ ತಿಳಿದುಕೊಂಡರು. ಆಮೇಲೆ ಬಾಲ್ಕನಿಗೆ ಹೋಗಿ ಅಂಗಳಕ್ಕೆ ಸುದ್ದಿ ಹೇಳಿದರು. "ಕೇಳಿದ್ರೇನ್ರೋ, ನಮ್ಮ ಚಾಂಪಿಯನ್ನಿಗೆ ಸೊನ್ನೆ ಹಾಕಿದಾಳಂತೆ ಟೀಚರು."

ಕೆಳಗೆ ಕ್ಷೌರದಂಗಡಿ ಇಟ್ಟಿದ್ದ ಗೆಗಾಮ್ ಕತ್ತರಿ ಹಿಡಿದು ಓಡಿ ಬಂದ. ಅವನ ಹಿಂದೆ, ಅರ್ಧ ಗಡ್ಡ ಉಳಿದಿದ್ದ ಗಿರಾಕಿಯೊಬ್ಬ ಕೊರಳ ಬಟ್ಟೆಯ ಸಮೇತ ಬಂದ. ಅವನಿಗೆ ಬೇರೆ ದಾರಿ ಇರಲಿಲ್ಲ.

"ಅರ್ಶಾವಿರ್ ಮಾಮ, ಏಳಿ, ಶಾಲೆಗೆ ಹೋಗೋಣ," ಎಂದ ಗೆಗಾಮ್.

"ನಾನೇ ತಪ್ಪು ಹೇಳಿರಬೇಕು ಕಣೋ."

"ನೀವು ತಪ್ಪು ಹೇಳೋದಾ?"

"ವಯಸ್ಸಾಯ್ತು."

"ನೋಡಿ, ದೊಡ್ಡವರು ಅಂದ್ರೆ ಹೀಗಿರಬೇಕು," ಎಂದರು ಹೈಕನುಶ್ ಗಿರಾಕಿಗೆ. "ಎಷ್ಟು ವಿನಯ. ಇದಕ್ಕೇ ಜನ ತಲೆ ಮೇಲೆ ಹತ್ತಿ ಕೂರೋದು."

ಅರ್ಶಾವಿರ್ ಬಗ್ಗಿದಷ್ಟೂ ಅವರು ಏರುತ್ತಿದ್ದರು. ಗೆಗಾಮ್ ಕಪಾಟಿನಿಂದ ಹಲಗೆ ಇಳಿಸಿದ. ನೋಟ್‌ಬುಕ್ಕಿನ ಚಿತ್ರ ನೋಡಿಕೊಂಡು ಕಾಯಿಗಳನ್ನು ಜೋಡಿಸಿ, ಜೇಬಿನಿಂದ ಫೋನು ತೆಗೆದ. "ಇದಕ್ಕೆ ತೋರಿಸಿದ್ರೆ ಎರಡು ನಿಮಿಷ ಮಾಮ. ಯಾವ ನಡೆ ಸರಿ, ಯಾವುದು ಕಸ, ಎಲ್ಲ ಹೇಳುತ್ತೆ."

ಅರ್ಶಾವಿರ್‌ರ ಮೊಣಕೈಗೆ ತಟ್ಟನೆ ನಡುಕ ಬಂತು. ಹಲಗೆ ಮಗುಚಿತು. ಕಪ್ಪು ರಾಜ ಸೂಪಿನಲ್ಲಿ ಮುಳುಗಿ, ಕಿರೀಟವಷ್ಟೇ ಮೇಲೆ ಕಂಡಿತು.

"ಸಿಟ್ಟಿಗೆ ಕೈ ನಡುಗ್ತಿದೆ ಪಾಪ," ಎಂದರು ಹೈಕನುಶ್. "ಇನ್ನು ತಡ ಮಾಡಬಾರದು. ನಡೀರಿ."

ಎಬ್ಬಿಸಿದರೆ ಕುರ್ಚಿಯ ಮೇಲಿನ ಪುಸ್ತಕ ಕಾಣುತ್ತದೆ. ಕೋಟು ಹಾಕಿಕೊಳ್ಳುವ ನೆಪದಲ್ಲಿ ಅರ್ಶಾವಿರ್ ಅದನ್ನು ಅಂಗಿಯೊಳಗೆ ತುರುಕಿದರು. ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡೇ ನಡೆದರು. ಹಣ್ಣಿನಂಗಡಿಯವಳು ಏನಾಯಿತು ಎಂದು ಕೇಳಿದ್ದಕ್ಕೆ ಹೈಕನುಶ್, "ಅವಮಾನ ಹೊಟ್ಟೆಗೆ ಇಳಿದಿದೆ," ಎಂದರು. ಹಣ್ಣಿನಂಗಡಿಯವಳೂ ಹಿಂದೆ ಬಂದಳು.

ತರಗತಿಯಲ್ಲಿ ಅರ್ಪೆನಿಕ್ ಟೀಚರ್ ಒಬ್ಬರೇ ಕೂತು ನೋಟ್‌ಬುಕ್ಕು ತಿದ್ದುತ್ತಿದ್ದರು. ಚಿಕ್ಕ ವಯಸ್ಸು, ತಣ್ಣನೆಯ ಮುಖ.

"ಇವರು ಯಾರು ಗೊತ್ತೇನಮ್ಮ?" ಎಂದು ಹೈಕನುಶ್ ಶುರು ಮಾಡಿದರು.

"ಗೊತ್ತು. ನಾಜೆಲಿಯ ತಾತ."

"ತಾತ ಅಂತೆ. ಇವರ ಆಟ ನೋಡೋಕೆ ಊರಿಗೆ ಊರೇ ಬರ್ತಿತ್ತು. ನಿಮ್ಮ ಪುಸ್ತಕ ತೆಗೀರಿ. ಅದೇನು ಬರೆದಿದೆ, ನಾವೂ ನೋಡ್ತೀವಿ."

"ನನ್ನ ಪ್ರತಿ ಆಫೀಸಿನಲ್ಲಿದೆ."

ಅರ್ಶಾವಿರ್ ಉಸಿರು ಬಿಟ್ಟರು. ಆಗ ನಾಜೆಲಿ, "ನಂದು ತಾತನ ಅಂಗಿಯೊಳಗಿದೆ," ಎಂದಳು.

ಗೆಗಾಮ್ ಅದನ್ನು ಹೊರತೆಗೆದು ಗಟ್ಟಿಯಾಗಿ ಓದಿದ. ಅಮರ ನಡೆ ಎಂಬಲ್ಲಿಗೆ ಬರುವ ಹೊತ್ತಿಗೆ ಅವನ ದನಿ ಇಳಿದಿತ್ತು. "ಮಾಮ, ಇದರಲ್ಲಿ ರಾಣಿ ಅಂತಿದೆ. ಆಡಿದ್ದೂ ನೀವೇ. ಮಗುಗ್ಯಾಕೆ ಕುದುರೆ ಅಂದ್ರಿ?"

ಎಲ್ಲರೂ ಅರ್ಶಾವಿರ್‌ರನ್ನು ನೋಡಿದರು. ಮರೆತೆ ಎಂದರೆ ಆಗಿಹೋಗುತ್ತಿತ್ತು. ಆದರೆ ನಾಜೆಲಿಯ ಕೆಳತುಟಿ ಮತ್ತೆ ಮುಂದಕ್ಕೆ ಬರುತ್ತಿತ್ತು. ಸರಿ ಉತ್ತರಕ್ಕೆ ಮಗು ಸೊನ್ನೆ ಹೊರಬೇಕು, ತಪ್ಪು ನಡೆಗೆ ತಾನು ಕಿರೀಟ ಹೊರಬೇಕು. ಅವರಿಗೆ ಎಲ್ಲದರ ಮೇಲೂ ಬೇಸರ ಬಂದುಹೋಯಿತು.

"ಕುದುರೆಯೇ ಸರಿ," ಎಂದರು. "ರಾಣಿ ಕೊಟ್ಟದ್ದು ನನ್ನ ಪೆದ್ದತನ. ಗೆದ್ದದ್ದು ನಾನಲ್ಲ, ಅವನ ಹಲ್ಲುನೋವು. ಆ ಪಟ್ಟಕ್ಕೆ ನಾನು ತಕ್ಕವನಲ್ಲ. ಅದನ್ನ ಯಾರು ಬೇಕಾದ್ರೂ ತಗೊಳ್ಳಲಿ. ಟೀಚರ್, ಮಗೂದು ತಪ್ಪಿಲ್ಲ. ಆ ಗೀಟು ಅಳಿಸಿ."

ಗಿರಾಕಿ ಕೊರಳ ಬಟ್ಟೆ ಬಿಚ್ಚಿ ಗೆಗಾಮ್ ಕೈಗೆ ಕೊಟ್ಟ. ಅರ್ಶಾವಿರ್‌ಗೆ ಮಾತ್ರ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು.

ಅರ್ಪೆನಿಕ್ ಟೀಚರ್ ನೋಟ್‌ಬುಕ್ಕನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. "ಕುದುರೆ ಅಂತ ಬರೆದಿದ್ರಾ? ನಾನು ಅದನ್ನ ಓದಲೇ ಇಲ್ಲ."

"ಮತ್ತೆ ಈ ಗೀಟು?" ಎಂದರು ಅರ್ಶಾವಿರ್.

"ಇದು ನಿಮ್ಮ ಕೈಬರಹ. ಎರಡನೇ ಕ್ಲಾಸಿನ ಮಗು ಹೀಗೆ ಬರೆಯುತ್ತಾ? ಹೋಂವರ್ಕ್ ಮಕ್ಕಳೇ ಬರೀಬೇಕು. ಅದಕ್ಕೆ ಸೊನ್ನೆ ಹಾಕಿದೆ."

"ಮಗು ನಿದ್ದೆ ಹೋಗಿತ್ತು," ಎಂದರು ಅರ್ಶಾವಿರ್, ಯಾರಿಗೂ ಕೇಳಿಸದಂತೆ.

ಹೈಕನುಶ್ ಅವರ ಮುಖ ನೋಡಲಿಲ್ಲ. ಹಣ್ಣಿನಂಗಡಿಯವಳಿಗೆ ಬಾಗಿಲು ತೆರೆದಿಟ್ಟು ಬಂದದ್ದು ನೆನಪಾಯಿತು. ಗೆಗಾಮ್, "ಬರ್ತೀನಿ ಅರ್ಶಾವಿರ್," ಎಂದ. ಮಾಮ ಎನ್ನಲಿಲ್ಲ.

"ಈಗ ನೀನೇ ಬರಿ ಪುಟ್ಟ, ಪೂರ್ತಿ ಅಂಕ ಕೊಡ್ತೀನಿ," ಎಂದರು ಟೀಚರ್.

"ಕುದುರೆ ಅಂತ ಬರೀಲಾ?"

"ಪುಸ್ತಕದಲ್ಲಿ ಇರೋದನ್ನ ಬರಿ. ರಾಣಿ."

ನಾಜೆಲಿ ನಾಲಿಗೆಯ ತುದಿ ಕಚ್ಚಿಕೊಂಡು ದುಂಡಗೆ ಬರೆದಳು. ಟೀಚರ್ ಸರಿ ಗುರುತು ಹಾಕಿದರು.

ಮೆಟ್ಟಿಲು ಇಳಿಯುವಾಗ ಅವಳು ತಾತನ ಬೆರಳು ಹಿಡಿದುಕೊಂಡಳು. "ತಾತ, ಬೇಜಾರು ಮಾಡ್ಕೋಬೇಡ. ನಾಳೆಯಿಂದ ಚೆಸ್ ಹೋಂವರ್ಕ್ ಹೈಕನುಶ್ ಅಜ್ಜಿ ಹತ್ರ ಹೇಳಿಸ್ಕೋತೀನಿ."

"ಅವಳಿಗೆ ಕುದುರೆ ಹೇಗೆ ನಡೆಯುತ್ತೆ ಅಂತಲೂ ಗೊತ್ತಿಲ್ವಲ್ಲೇ."

"ಅದಕ್ಕೇ ಪುಸ್ತಕ ನೋಡಿ ಹೇಳ್ತಾರೆ," ಎಂದಳು ನಾಜೆಲಿ.