ಒಂದೂವರೆ ತೋಳಿನ ಸ್ವೆಟರ್

ಮೂಡುಬಿದಿರೆಯಲ್ಲಿ ಚಳಿಗಾಲ ಎಂಬುದೊಂದು ಇದೆ ಎಂದು ನಂಬಿರುವ ಏಕೈಕ ವ್ಯಕ್ತಿ ನನ್ನ ಚಿಕ್ಕಮ್ಮ! ನಮ್ಮಂಥವರಿಗೆ ಡಿಸೆಂಬರ್ ಎಂದರೆ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವ ತಿಂಗಳು, ಅಷ್ಟೆ. ಟೀಚರ್ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಸ್ವೆಟರ್ ಹೆಣೆಯದೆ ಬಿಟ್ಟದ್ದು ಯಾವುದಕ್ಕೆ ಎಂದು ಕೇಳಬೇಕು. ನೀರಿನ ಬಾಟಲಿಗೊಂದು, ಟಿವಿ ರಿಮೋಟಿಗೊಂದು, ಗ್ಯಾಸ್ ಸಿಲಿಂಡರಿಗೂ ಒಂದು. ಬೆವರು ಒರೆಸಿಕೊಳ್ಳುತ್ತ ಕೂತ ನನ್ನ ಭುಜದ ಅಗಲವನ್ನು ಅವರು ಕಣ್ಣಲ್ಲೇ ಅಳೆಯತೊಡಗಿದರೆ ನಾನು ಮೆಲ್ಲನೆ ಹಿತ್ತಲಿಗೆ ಜಾರುತ್ತೇನೆ.

ಹೆಣೆಯುವುದಕ್ಕಿಂತ ಬಿಚ್ಚುವುದರಲ್ಲಿ ಅವರ ಕೈ ಚುರುಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಐದು ಹೆಂಗಸರು ಪ್ರತಿ ಶನಿವಾರ ಒಟ್ಟಾಗಿ ಹೆಣೆಯಲು ಕೂರುತ್ತಾರೆ. ನಾವು ಅದಕ್ಕೆ ಉಲ್ಲನ್ ಸಂಘ ಎಂದು ಹೆಸರಿಟ್ಟಿದ್ದೇವೆ. ಒಂದು ಕುಣಿಕೆ ತಪ್ಪಿದರೂ ಚಿಕ್ಕಮ್ಮ ಇಡೀ ಸಾಲನ್ನೇ ಬಿಚ್ಚಿಬಿಡುತ್ತಾರೆ, ಅದು ಯಾರದ್ದೇ ಆಗಿರಲಿ. ಒಮ್ಮೆ ಬೆಳ್ತಂಗಡಿಯ ಮದುವೆ ಊಟದಲ್ಲಿ ಪಕ್ಕದ ಮಗುವಿನ ಟೊಪ್ಪಿಯಲ್ಲಿ ತಪ್ಪು ಕಂಡಿತು. ಪಾಯಸ ಬರುವಷ್ಟರಲ್ಲಿ ಟೊಪ್ಪಿ ಹೋಗಿ ಉಲ್ಲನ್ ಉಂಡೆಯಾಗಿತ್ತು!

"ಇದೆಂತ ಟೀಚರ್?" ಎಂದು ಮಗುವಿನ ತಾಯಿ ಕಂಗಾಲಾದರು.

"ತಪ್ಪನ್ನು ಹಾಗೇ ಬಿಟ್ಟರೆ ಅದು ತಲೆವರೆಗೆ ಹೋಗ್ತದೆ" ಎಂದರು ಚಿಕ್ಕಮ್ಮ. ಮಗು ಗಾಬರಿಯಿಂದ ತಲೆ ಮುಟ್ಟಿ ನೋಡಿಕೊಂಡಿತು.

ಇನ್ನು ಹೆಣೆದದ್ದನ್ನು ಕಾಪಾಡುವ ಕಥೆ. ನಮ್ಮೂರಿನ ಮಳೆಗಾಲದಲ್ಲಿ ಗೋಡೆಗೇ ಬೂಸ್ಟು ಹಿಡಿಯುತ್ತದೆ, ಉಣ್ಣೆಯನ್ನು ಬಿಡುತ್ತದೆಯೇ? ಸಾಲದ್ದಕ್ಕೆ ಹುಳ. ಅಂಗಡಿಯ ನುಸಿಗುಳಿಗೆ ಅವರಿಗಾಗದು, ಅದರದ್ದು ಬಸ್‌ಸ್ಟ್ಯಾಂಡಿನ ಶೌಚಾಲಯದ ಪರಿಮಳವಂತೆ. ಅವರ ಮದ್ದು ಬಜೆಯ ಬೇರು, ಲಾವಂಚ, ಒಣಗಿಸಿದ ನೆಕ್ಕಿ (ಲಕ್ಕಿ) ಸೊಪ್ಪು, ಮೇಲೆ ನಾಲ್ಕು ಲವಂಗ. ಒಂದು ದಿನ ನನ್ನ ಹೊಸ ಬಿಳಿ ಪಂಚೆ ಕಾಣೆಯಾಯಿತು. ಮರುದಿನ ಅದು ಹತ್ತೊಂಬತ್ತು ಪೊಟ್ಟಣಗಳಾಗಿ ಅವರ ಮರದ ಪೆಟ್ಟಿಗೆಯಲ್ಲಿ ಸಿಕ್ಕಿತು.

"ಹಳೇ ಬಟ್ಟೆಯಲ್ಲಿ ಕಟ್ಟಬಹುದಿತ್ತಲ್ಲ ಚಿಕ್ಕಮ್ಮ?"

"ಹಳೇ ಬಟ್ಟೆಗೆ ಹುಳ ಹೆದರ್ತದಾ ಮಾರಾಯ?"

ನಮ್ಮಲ್ಲಿ ಬಜೆ ತೇಯ್ದು ನಾಲಿಗೆಗೆ ಹಚ್ಚುವುದು ಹಸುಗೂಸುಗಳಿಗೆ. ಚಿಕ್ಕಮ್ಮ ಹೆಣೆದ ಸ್ವೆಟರ್ ಹಾಕಿಕೊಂಡು ನಾನು ಬಸ್ಸಿನಲ್ಲಿ ಚಾರ್ಮಾಡಿ ಘಾಟಿ ಹತ್ತುತ್ತಿದ್ದಾಗ ಪಕ್ಕದ ಸೀಟಿನ ಹೆಂಗಸು ಮೂಗರಳಿಸಿ ಕೇಳಿದರು: "ಮನೆಯಲ್ಲಿ ಬಾಳಂತಿ ಇದ್ದಾರಾ? ಗಂಡು ಮಗುವಾ, ಹೆಣ್ಣಾ?" ನನಗಿನ್ನೂ ಮದುವೆಯೇ ಆಗಿರಲಿಲ್ಲ!

ಈ ಪಹರೆಯೆಲ್ಲ ಮುಖ್ಯವಾಗಿ ಒಂದು ನೀಲಿ ಸ್ವೆಟರಿಗಾಗಿ. ಅದಕ್ಕಿರುವುದು ಒಂದೂವರೆ ತೋಳು. ಚಿಕ್ಕಮ್ಮನಿಗೆ ಹೆಣಿಗೆಯ ಕಡ್ಡಿ ಹಿಡಿಯಲು ಕಲಿಸಿದ ಗೆಳತಿ, ಫರಂಗಿಪೇಟೆಯ ಸೆವ್ರಿನ್ ಬಾಯಿ, ಅದನ್ನು ಚಿಕ್ಕಮ್ಮನಿಗೆಂದೇ ಹೆಣೆಯುತ್ತಿದ್ದರು. ಎರಡನೆಯ ತೋಳು ಅರ್ಧವಾಗಿದ್ದಾಗ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ಮರಳಿತು, ನಡಿಗೆ ಮರಳಿತು, ಬಲಗೈ ಮಾತ್ರ ಹಿಂದೆ ಉಳಿಯಿತು. ಬೆರಳಿಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದರೂ ಅವರು ಕಡ್ಡಿ ಮುಟ್ಟಲಿಲ್ಲ. "ನನ್ನದು ಮುಗೀತು. ನೀನೇ ಮುಗಿಸಿಕೊ" ಎಂದು ಎಲ್ಲವನ್ನೂ ಚಿಕ್ಕಮ್ಮನ ಕೈಗೆ ಕೊಟ್ಟುಬಿಟ್ಟರು.

ಚಿಕ್ಕಮ್ಮ ಮುಗಿಸಲಿಲ್ಲ. "ಅರ್ಧ ತೋಳಲ್ವಾ, ನಾವು ಮಾಡ್ತೇವೆ" ಎಂದ ಸಂಘದವರ ಮೇಲೆ ಹರಿಹಾಯ್ದರು. "ಅವಳು ಹಿಡಿದದ್ದು. ಅವಳೇ ಮುಗಿಸ್ಲಿ." ಆಮೇಲೆ ಸಂಘ ಪ್ರತಿ ಶನಿವಾರ ಸೆವ್ರಿನ್ ಬಾಯಿಯ ಮನೆಯಲ್ಲೇ ಕೂರತೊಡಗಿತು. ಚಿಕ್ಕಮ್ಮ ಎರಡು ಬಸ್ಸು ಹತ್ತಿ ಸ್ವೆಟರ್ ಒಯ್ಯುವುದು, ಗೆಳತಿಯ ಮಡಿಲಲ್ಲಿಡುವುದು, ಸಂಜೆ ಹಾಗೇ ತಂದು ಪೊಟ್ಟಣಗಳ ನಡುವೆ ಮಲಗಿಸುವುದು. ಹೀಗೇ ಎರಡು ಮಳೆಗಾಲ ಕಳೆಯಿತು.

"ಪಾಪ, ಆ ಹುಳಗಳಾದರೂ ಎಷ್ಟು ಕಾಯಬೇಕು ಚಿಕ್ಕಮ್ಮ?" ಎಂದು ನಾನು ಕೆಣಕುತ್ತಿದ್ದೆ.

"ನಾನು ಕಾಯ್ತಾ ಇಲ್ವಾ? ಅವಕ್ಕೆಂತ ಅವಸರ?"

ಮೊನ್ನೆ ಶನಿವಾರ ನಾನೇ ಅವರನ್ನು ಕಾರಿನಲ್ಲಿ ಕರೆದೊಯ್ದೆ. ಸೆವ್ರಿನ್ ಬಾಯಿ ಸ್ವೆಟರನ್ನು ಮೂಸಿ ಮುಖ ಹಿಂಡಿದರು. "ಎಂತ ಮಾರಾಯ್ತಿ, ಇದು ಸ್ವೆಟರಾ ಕಷಾಯವಾ?"

"ಹುಳ ಒಂದು ಎಳೆ ಮುಟ್ಟಿದ್ದರೆ ತೋರಿಸು ನೋಡುವ."

ಸೆವ್ರಿನ್ ಬಾಯಿ ಹಟ ಹಿಡಿದು ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದರು. ಒಂದು ತೂತೂ ಸಿಗಲಿಲ್ಲ. ಸ್ವೆಟರನ್ನು ಮಡಿಲಿಗಿಳಿಸಿ, "ಎರಡು ವರ್ಷ ಹೀಗೇ ಇಟ್ಟೆಯಾ?" ಎಂದರು.

"ನನಗೆ ತೋಳು ಬೇಕು. ಬೇಗ ಆಗಬೇಕು ಅಂತೇನಿಲ್ಲ."

ಸೆವ್ರಿನ್ ಬಾಯಿ ಕಡ್ಡಿ ತೆಗೆದುಕೊಂಡರು. ಬಲಗೈ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಮಡಚಿ ಕಡ್ಡಿಗೆ ಸುತ್ತಿದರು. ಒಂದು ಸಾಲು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಕುಣಿಕೆ ಸೀದಾ ಬರಬೇಕಾದ ಮೂರು ಕಡೆ ಉಲ್ಟಾ ಬಂದಿತ್ತು. ಅದು ನನಗೇ ಕಂಡ ಮೇಲೆ ಚಿಕ್ಕಮ್ಮನಿಗೆ ಕಾಣದೆ ಇರುತ್ತದೆಯೇ? ಸಂಘವೆಲ್ಲ ತಮ್ಮ ಕಡ್ಡಿ ಕೆಳಗಿಟ್ಟು ಚಿಕ್ಕಮ್ಮನ ಬೆರಳುಗಳನ್ನೇ ನೋಡುತ್ತಿತ್ತು.

"ಸರಿ ಉಂಟು. ಉಳಿದದ್ದು ಬರುವ ಶನಿವಾರ" ಎಂದರು ಚಿಕ್ಕಮ್ಮ. ಆ ಧ್ವನಿ ಅವರದ್ದೆಂದು ನನಗೆ ನಂಬಲಾಗಲಿಲ್ಲ.

ವಾಪಸು ಬರುವಾಗ ಸ್ವೆಟರ್ ಚೀಲದಲ್ಲಿರಲಿಲ್ಲ, ಅವರ ಮಡಿಲಲ್ಲಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಮೂರು ತಪ್ಪಿದೆ. ಬಿಚ್ಚುವುದಿಲ್ವಾ?" ಎಂದೆ.

"ಆ ಸಾಲು ಮುಟ್ಟಿದರೆ ನಿನ್ನ ಕೈ ಮುರಿತೇನೆ" ಎಂದವರು ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ರಸ್ತೆ ಮಂಜಾಯಿತು.

ಮನೆಗೆ ಬಂದವನೇ ನನ್ನ ಇನ್ನೊಂದು ಹೊಸ ಪಂಚೆಯನ್ನು ನಾನೇ ತೆಗೆದು ಅವರ ಕೈಯಲ್ಲಿಟ್ಟೆ.